ಹಕ್ಕರಕಿ, ಕಳ್ಳಿ, ಕಣಗಿಲೆ: ಆಮೆಯ ಮೇವಿನ ಸಸ್ಯಗಳನ್ನು ಕುರಿತು ಒಂದು ಐತಿಹಾಸಿಕ ವಿವೇಚನೆ

ಪ್ರಾಣಿಪಾಲನೆಯ ಇತಿಹಾಸದಲ್ಲಿ ಆಮೆಗೆ ದೊರೆತಿರುವ ಸ್ಥಾನ ಅತ್ಯಲ್ಪವಾದುದು. ಹಸು, ಕುದುರೆ, ಆನೆಗಳ ಲಕ್ಷಣ, ಮೇವು, ಚಿಕಿತ್ಸೆಗಳನ್ನು ಕುರಿತು ನಮ್ಮ ಪೂರ್ವಿಕರು ಪ್ರತ್ಯೇಕ ಶಾಸ್ತ್ರಗ್ರಂಥಗಳನ್ನೇ ರಚಿಸಿದರು. ಆಮೆ ಮಾತ್ರ ಪುರಾಣದಲ್ಲಿ ಅವತಾರವಾಗಿ, ಗೀತೆಯಲ್ಲಿ ಇಂದ್ರಿಯನಿಗ್ರಹದ ಉಪಮಾನವಾಗಿ, ದೇವಾಲಯಗಳ ನೆಲಗಲ್ಲಿನಲ್ಲಿ ಕೊರೆದ ಕೂರ್ಮವಾಗಿ ಉಳಿಯಿತು. ಅದು ಏನನ್ನು ತಿನ್ನುತ್ತದೆ, ಅದಕ್ಕೆ ಯಾವ ಸೊಪ್ಪು ಹಿತ, ಯಾವುದು ವಿಷ ಎಂಬ ಪ್ರಶ್ನೆಯನ್ನು ಕೇಳುವ ಸಂದರ್ಭವೇ ನಮ್ಮಲ್ಲಿ ಬಹುಕಾಲ ಒದಗಲಿಲ್ಲ. ಇಂದು ಆ ಸಂದರ್ಭವು ಒದಗಿದೆ. ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಸವಡಿಯಂತಹ ಎರೆಭೂಮಿಯ ಗ್ರಾಮವೊಂದರ ಹಿತ್ತಿಲು, ಬದು, ಬೇಲಿಗಳಲ್ಲಿ ಕಾಣುವ ಸಸ್ಯಗಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಗೆ ಇತಿಹಾಸವು ಎಷ್ಟರಮಟ್ಟಿಗೆ ಉತ್ತರ ಕೊಡಬಲ್ಲುದೆಂಬುದನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಆರಂಭದಲ್ಲಿಯೇ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ನಮ್ಮ ದೇಶದ ನೆಲದ ಮೇಲಿನ ಆಮೆಗಳಲ್ಲಿ ಪ್ರಸಿದ್ಧವಾದ ನಕ್ಷತ್ರ ಆಮೆಯನ್ನು ಹಿಡಿಯುವುದೂ ಮನೆಯಲ್ಲಿ ಸಾಕುವುದೂ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ೨೦೨೨ರ ತಿದ್ದುಪಡಿಯು ಈ ಪ್ರಾಣಿಯನ್ನು ಆ ಕಾಯಿದೆಯ ಒಂದನೆಯ ಅನುಸೂಚಿಗೆ ಏರಿಸಿದೆ. ಅದಕ್ಕೂ ಮುನ್ನ, ೨೦೧೯ರಲ್ಲಿ, ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಮೊದಲನೆಯ ಪಟ್ಟಿಗೂ ಇದು ಸೇರಿತು. ಆದುದರಿಂದ ಇಲ್ಲಿ ಹೇಳುವ ವಿಷಯವು ಆಮೆಯನ್ನು ತಂದು ಸಾಕಲು ಪ್ರೇರಣೆಯಾಗಬಾರದು. ಕಳ್ಳಸಾಗಣೆದಾರರಿಂದ ವಶಪಡಿಸಿಕೊಂಡ ಆಮೆಗಳು ಅರಣ್ಯ ಇಲಾಖೆಯ ಆಶ್ರಯದಲ್ಲಿ ತಿಂಗಳುಗಟ್ಟಲೆ ಇರಬೇಕಾಗುತ್ತದೆ. ೨೦೧೮ರ ನವೆಂಬರಿನಲ್ಲಿ ಸಿಂಗಪುರದಲ್ಲಿ ವಶವಾಗಿದ್ದ ೫೧ ನಕ್ಷತ್ರ ಆಮೆಗಳನ್ನು ವಿಮಾನದಲ್ಲಿ ಬೆಂಗಳೂರಿಗೆ ತರಲಾಯಿತು. ಅಂಥ ಜೀವಿಗಳಿಗೆ ದಿನದಿನವೂ ಸುರಕ್ಷಿತವಾದ ಹಸಿರು ಬೇಕು. ಅನ್ಯದೇಶಗಳಲ್ಲಿ ನ್ಯಾಯಸಮ್ಮತವಾಗಿ ಆಮೆ ಸಾಕುವವರಿಗೂ ಇದೇ ಚಿಂತೆ. ಪ್ರಶ್ನೆಯ ಪ್ರಾಯೋಗಿಕ ಮಹತ್ವವು ಇಷ್ಟರಿಂದ ವಿಶದವಾಗುತ್ತದೆ.

೧

ಕನ್ನಡ ಶಾಸ್ತ್ರಸಾಹಿತ್ಯದಲ್ಲಿ ಈ ವಿಷಯಕ್ಕೆ ಬೇಕಾದ ಸಾಮಗ್ರಿಯು ಬಿಡಿಬಿಡಿಯಾಗಿ ದೊರೆಯುತ್ತದೆ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, ಸುಮಾರು ೧೦೨೫ರಲ್ಲಿ, ಚಾವುಂಡರಾಯನು ರಚಿಸಿದ ಲೋಕೋಪಕಾರವು ವೃಕ್ಷಾಯುರ್ವೇದವನ್ನೂ ಪಾಕಶಾಸ್ತ್ರವನ್ನೂ ವೈದ್ಯವನ್ನೂ ವಿಷವೈದ್ಯವನ್ನೂ ಒಂದೇ ಗ್ರಂಥದಲ್ಲಿ ಅಡಕಗೊಳಿಸಿತು. ಹನ್ನೆರಡನೆಯ ಶತಮಾನದಲ್ಲಿ ಚಾಲುಕ್ಯ ರಾಜಕುಮಾರ ಕೀರ್ತಿವರ್ಮನು ಗೋವೈದ್ಯವನ್ನು ಬರೆದನು. ಹದಿನಾಲ್ಕನೆಯ ಶತಮಾನದ ಮಂಗರಾಜನ ಖಗೇಂದ್ರಮಣಿದರ್ಪಣವು ವಿಷಗಳನ್ನೇ ವಸ್ತುವಾಗಿ ಉಳ್ಳ ಗ್ರಂಥ. ಹಾವು ಚೇಳುಗಳ ಜಂಗಮ ವಿಷದಿಂದ ಬೇರು, ಎಲೆ, ಕಾಯಿಗಳ ಸ್ಥಾವರ ವಿಷವನ್ನು ಬೇರ್ಪಡಿಸಿ ವಿಚಾರಮಾಡುವ ಸಂಪ್ರದಾಯಕ್ಕೆ ಅದು ಸಾಕ್ಷಿ. ಗಿಡವನ್ನು ಬೆಳೆಸುವ ವಿದ್ಯೆ, ಪಶುವಿಗೆ ಮದ್ದು ಕೊಡುವ ವಿದ್ಯೆ, ಸಸ್ಯವಿಷವನ್ನು ಗುರುತಿಸುವ ವಿದ್ಯೆ, ಈ ಮೂರೂ ಕನ್ನಡದಲ್ಲಿ ಇದ್ದುವು ಎಂದಾಯಿತು.

ಆಮೆಯ ವಿಷಯದಲ್ಲಿ ಈ ಮೂರು ವಿದ್ಯೆಗಳು ಒಂದೆಡೆ ಸೇರದಿರುವುದಕ್ಕೆ ಕಾರಣವು ದೂರದಲ್ಲಿಲ್ಲ. ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಆಮೆಯು ಬರುವುದು ಅರಸನ ಅಡುಗೆಮನೆಯ ಪ್ರಕರಣದಲ್ಲಿ. ಬೇಯಿಸಿ ತಿನ್ನುವ ಪ್ರಾಣಿಗೆ ಮೇವಿನ ಶಾಸ್ತ್ರವನ್ನು ಯಾರೂ ಬರೆಯುವುದಿಲ್ಲ. ಇನ್ನೊಂದು ಕಾರಣವು ಭಾಷೆಗೆ ಸಂಬಂಧಿಸಿದುದು. ಆಮೆ ಎಂಬ ಪದವು ತಮಿಳಿನ ಆಮೈ, ಮಲಯಾಳದ ಆಮ ಎಂಬ ರೂಪಗಳೊಡನೆ ಜ್ಞಾತಿಸಂಬಂಧವುಳ್ಳ ಪ್ರಾಚೀನ ದ್ರಾವಿಡ ಪದ. ನೀರಿನ ಆಮೆಯನ್ನೂ ನೆಲದ ಆಮೆಯನ್ನೂ ಅದು ಒಂದಾಗಿಯೇ ಕರೆಯುತ್ತದೆ. ಕೆರೆ ಹೊಂಡಗಳಲ್ಲಿ ವಾಸಿಸುವ ಆಮೆಯು ಕಪ್ಪೆ, ಮೀನು, ಹುಳುಗಳೊಡನೆ ನೀರಿನ ಸಸ್ಯಗಳನ್ನೂ ತಿನ್ನುವ ಮಿಶ್ರಾಹಾರಿ. ಕುರುಚಲು ಕಾಡಿನ ನಕ್ಷತ್ರ ಆಮೆಯು ಪ್ರಧಾನವಾಗಿ ಹುಲ್ಲು, ಸೊಪ್ಪು, ಹೂ, ಬಿದ್ದ ಹಣ್ಣುಗಳನ್ನು ಮೇಯುವಂಥದು. ಶೋಫ್ ಎಂಬ ಜರ್ಮನ್ ಪಂಡಿತನು ೧೭೯೫ರಲ್ಲಿ ಇದಕ್ಕೆ ಶಾಸ್ತ್ರೀಯ ನಾಮವನ್ನು ಕೊಟ್ಟನು. ಕರ್ನಾಟಕದಲ್ಲಿ ಇದು ಆಂಧ್ರದ ಗಡಿಗೆ ಹೊಂದಿದ ಕೋಲಾರ, ಚಿಕ್ಕಬಳ್ಳಾಪುರಗಳ ಕಡೆಯ ಒಣ ಪ್ರದೇಶದಲ್ಲಿ ಕಾಣುತ್ತದೆ. ಮೇವಿನ ವಿಚಾರವೆಲ್ಲ ಈ ನೆಲದ ಆಮೆಗೆ ಸಂಬಂಧಿಸಿದುದೆಂದು ಮುಂದೆ ತಿಳಿಯಬೇಕು.

೨

ಆಮೆಯ ಮೇವನ್ನು ಕಣ್ಣಾರೆ ನೋಡಿ ಬರೆದಿಟ್ಟವರಲ್ಲಿ ಇಂಗ್ಲೆಂಡಿನ ಪಾದ್ರಿ ಗಿಲ್ಬರ್ಟ್ ವೈಟನು ಮೊದಲಿಗರ ಸಾಲಿಗೆ ಸೇರಿದವನು. ಸಸೆಕ್ಸಿನ ರಿಂಗ್ಮರ್ ಎಂಬಲ್ಲಿ ಅವನ ಸೋದರತ್ತೆಯ ತೋಟದಲ್ಲಿ ಮೆಡಿಟರೇನಿಯನ್ ತೀರದ ಜಾತಿಯ ಆಮೆಯೊಂದಿತ್ತು. ೧೭೭೨ರ ಒಂದು ಪತ್ರದಲ್ಲಿ ಅವನು ಅದರ ಋತುಚರ್ಯೆಯನ್ನು ವಿವರಿಸುತ್ತ, ಲೆಟ್ಯೂಸು, ಡ್ಯಾಂಡೆಲಿಯನ್, ಸೌಥಿಸಲ್ ಮೊದಲಾದ ಹಾಲೊಸರುವ ಸೊಪ್ಪುಗಳು ಅದಕ್ಕೆ ಅತಿ ಪ್ರಿಯವೆಂದು ತಿಳಿಸಿದನು. ೧೭೮೦ರಲ್ಲಿ ಆ ಆಮೆಯು ಸೆಲ್ಬೋರ್ನಿನ ಅವನ ಸ್ವಂತ ತೋಟಕ್ಕೆ ಬಂದಿತು. ವೈಟನು ತೀರಿಕೊಂಡ ಮರುವರ್ಷ, ೧೭೯೪ರಲ್ಲಿ, ಅದೂ ಸತ್ತಿತು. ಟಿಮೊಥಿ ಎಂಬ ಗಂಡುಹೆಸರಿನಿಂದ ಕರೆಯಲ್ಪಟ್ಟ ಆ ಪ್ರಾಣಿಯು ಹೆಣ್ಣಾಗಿತ್ತೆಂಬುದು ಅದರ ಚಿಪ್ಪಿನ ಪರೀಕ್ಷೆಯಿಂದ ಅನಂತರ ತಿಳಿಯಿತು.

ವೈಟನ ಹೇಳಿಕೆಯು ಇಂದಿಗೂ ಸರಿಯಾದುದೇ. ಪಾಶ್ಚಾತ್ಯರ ಆಮೆಸಾಕಣೆಯ ಕೈಪಿಡಿಗಳಲ್ಲಿ ಡ್ಯಾಂಡೆಲಿಯನ್ನಿಗೆ ಮೊದಲ ಪಂಕ್ತಿಯ ಮರ್ಯಾದೆ ಇದೆ. ಆದರೆ ಅದು ಸವಡಿಯ ಎರೆಹೊಲದಲ್ಲಿ ಹುಟ್ಟುವ ಗಿಡವಲ್ಲ. ಪಟ್ಟಿಯನ್ನು ಹಾಗೆಯೇ ಕನ್ನಡಿಸಿದರೆ ಓದುಗನಿಗೆ ಹೆಸರು ದೊರೆಯುವುದೇ ಹೊರತು ಗಿಡವು ದೊರೆಯುವುದಿಲ್ಲ. ಹಾಗಿದ್ದರೆ ಡ್ಯಾಂಡೆಲಿಯನ್ನಿನ ಸ್ಥಾನದಲ್ಲಿ ನಮ್ಮಲ್ಲಿ ಏನಿದೆ?

ಉತ್ತರವು ಊಟದ ತಟ್ಟೆಯಲ್ಲಿಯೇ ಇದೆ. ಉತ್ತರ ಕರ್ನಾಟಕದಲ್ಲಿ ಜೋಳದ ರೊಟ್ಟಿಯೊಡನೆ ಹಸಿಯಾಗಿಯೇ ತಿನ್ನುವ ಹಕ್ಕರಕಿ ಪಲ್ಲೆಯು ಡ್ಯಾಂಡೆಲಿಯನ್, ಲೆಟ್ಯೂಸುಗಳ ಸಮೀಪಬಂಧು. ಸೂರ್ಯಕಾಂತಿಯ ಮಹಾಕುಟುಂಬದಲ್ಲಿ ಎಲೆ ಮುರಿದರೆ ಬಿಳಿ ಹಾಲು ಒಸರುವ ಒಂದು ಬಳಗಕ್ಕೆ ಇವೆಲ್ಲವೂ ಸೇರುತ್ತವೆ. ನೆಲಕ್ಕೆ ಹತ್ತಿ ಹರಡಿದ ಅಂಚುಸೀಳಿದ ಎಲೆ, ಹಳದಿ ಹೂ, ಗಾಳಿಯಲ್ಲಿ ತೇಲುವ ಬಿಳಿಯ ಕುಚ್ಚುಳ್ಳ ಬೀಜ, ಇವು ಅದರ ಗುರುತುಗಳು. ರೋಣ ಭಾಗದ ಹೆಣ್ಣುಮಕ್ಕಳು ಕಳೆ ತೆಗೆಯುವಾಗ ಉಳಿದುದನ್ನು ಬದುವಿಗೆ ಎಸೆದು ಹಕ್ಕರಕಿಯನ್ನು ಉಡಿಗೆ ಹಾಕಿಕೊಳ್ಳುತ್ತಾರೆ. ವೈಟನು ತೋಟದಲ್ಲಿ ಕಂಡುದಕ್ಕೆ ಸಮಾನವಾದ ವಿವೇಕವು ಇಲ್ಲಿಯೂ ಉಂಟೆಂಬುದಕ್ಕೆ ಈ ಆಯ್ಕೆಯೇ ಪ್ರಮಾಣ.

೩

ಇಲ್ಲಿಂದ ಮುಂದೆ ಎಚ್ಚರಿಕೆಯು ಅವಶ್ಯಕ. ಹಾಲೊಸರುವ ಸೊಪ್ಪು ಆಮೆಗೆ ಹಿತವೆಂಬ ವೈಟನ ಅನುಭವವನ್ನು ನಿಯಮವನ್ನಾಗಿ ಮಾಡಿ ಸವಡಿಯ ಬೇಲಿಗೆ ಅನ್ವಯಿಸಿದರೆ ಅನರ್ಥವುಂಟಾಗುತ್ತದೆ. ಎಕ್ಕೆಯೂ ಹಾಲೊಸರುತ್ತದೆ, ಅದರ ಹಾಲು ಹೃದಯಕ್ಕೆ ವಿಷ. ಬೊಂತೆಗಳ್ಳಿ, ಮುಂಡುಗಳ್ಳಿಗಳ ಹಾಲು ಕಣ್ಣಿಗೂ ಬಾಯಿಗೂ ತಗಲಿದರೆ ಸುಡುತ್ತದೆ. ಇಂಗ್ಲೆಂಡಿನ ತೋಟದಲ್ಲಿ ಬಹುಮಟ್ಟಿಗೆ ಸರಿಯಾಗಿ ಕಂಡ ಲಕ್ಷಣವು ಇಲ್ಲಿ ಸುಳ್ಳಾಗುವುದು ಸಸ್ಯಗಳ ಬೇರೆ ಬೇರೆ ಕುಲಗಳಿಂದ.

ಕಳ್ಳಿ ಎಂಬ ಹೆಸರನ್ನೇ ಪರಿಶೀಲಿಸೋಣ. ನಮ್ಮ ನಾಡಿನಲ್ಲಿ ಈ ಪದವು ಮೊದಲು ಸೂಚಿಸುತ್ತಿದ್ದುದು ಯುಫೋರ್ಬಿಯ ಕುಲದ ಹಾಲುಗಳ್ಳಿಗಳನ್ನು. ಅಮೆರಿಕ ಖಂಡದ ಒಪನ್ಷಿಯವು ಯುರೋಪಿನವರ ಮೂಲಕ ಬಂದಾಗ ಜನರು ಅದರ ಮುಳ್ಳನ್ನೂ ದಪ್ಪ ಕಾಂಡವನ್ನೂ ನೋಡಿ ಹಳೆಯ ಹೆಸರಿಗೆ ವಿಶೇಷಣವನ್ನು ಹಚ್ಚಿದರು. ಹೀಗೆ ಪಾಪಾಸುಕಳ್ಳಿ, ಡಬಗಳ್ಳಿ ಎಂಬ ಹೆಸರುಗಳು ಹುಟ್ಟಿದುವು. ಅದನ್ನು ತರಿಸಿದ ಉದ್ದೇಶವೂ ಸ್ವಾರಸ್ಯಕರವಾದುದು. ಒಪನ್ಷಿಯದ ಮೇಲೆ ಬದುಕುವ ಕೀಟದಿಂದ ಕಡುಗೆಂಪು ಬಣ್ಣವನ್ನು ತೆಗೆಯುವ ಲಾಭದಾಯಕ ಉದ್ಯಮವನ್ನು ಭಾರತದಲ್ಲಿ ಸ್ಥಾಪಿಸಬೇಕೆಂದು ಈಸ್ಟ್ ಇಂಡಿಯಾ ಕಂಪನಿಯು ಆಶಿಸಿತ್ತು. ೧೭೯೫ರಲ್ಲಿ ಬ್ರೆಜಿಲಿನಿಂದ ತಂದ ಕೀಟವು ಬೇರೊಂದು ಕೀಳುಜಾತಿಯದಾಗಿ ಪರಿಣಮಿಸಿ, ಬಣ್ಣದ ಉದ್ಯಮವು ಕೈಗೂಡಲಿಲ್ಲ. ಆ ಕೀಟವು ಒಂದು ಜಾತಿಯ ಕಳ್ಳಿಯನ್ನು ತಿಂದು ನಾಶಮಾಡಿತು. ಉಳಿದ ಜಾತಿಗಳು ಬೇಲಿಯಿಂದ ಗೋಮಾಳಕ್ಕೆ, ಗೋಮಾಳದಿಂದ ಹೊಲಕ್ಕೆ ಹಬ್ಬಿ ಪೀಡೆಯಾದುವು. ೧೯೨೬ರಲ್ಲಿ ಸಿಂಹಳದಿಂದ ಇನ್ನೊಂದು ಕೀಟವನ್ನು ತಂದು ಬಿಟ್ಟ ಮೇಲೆ ಆ ಪೀಡೆಯು ಹತೋಟಿಗೆ ಬಂದಿತು.

ರೈತನಿಗೆ ಪೀಡೆಯೆನಿಸಿದ ಈ ಡಬಗಳ್ಳಿಯೇ ಆಮೆಗೆ ಒಳ್ಳೆಯ ಮೇವು. ಅದರ ಹಲಗೆಯಂಥ ಕಾಂಡದಲ್ಲಿ ನೀರಿನ ಅಂಶವೂ ಸುಣ್ಣದ ಅಂಶವೂ ಹೇರಳ. ಕತ್ತರಿಸಿದರೆ ತೆಳ್ಳನೆಯ ಲೋಳೆಯು ಬರುವುದೇ ಹೊರತು ಬಿಳಿ ಹಾಲು ಬರುವುದಿಲ್ಲ. ಹಾಲುಗಳ್ಳಿಯನ್ನು ಡಬಗಳ್ಳಿಯಿಂದ ಬೇರ್ಪಡಿಸಲು ಈ ಒಂದು ಪರೀಕ್ಷೆಯು ಸಾಕು. ಕಳ್ಳಿಗಳ ನಡುವೆ ಹಾಲು ಅಪಾಯದ ಚಿಹ್ನೆ. ಹಕ್ಕರಕಿಯ ಬಳಗದಲ್ಲಿ ಹಾಲು ಹಿತದ ಚಿಹ್ನೆ. ಲಕ್ಷಣವೊಂದಕ್ಕೆ ಅರ್ಥವು ಬರುವುದು ಸಸ್ಯದ ಕುಲವು ನಿಶ್ಚಯವಾದ ಬಳಿಕವೇ ಎಂಬ ತತ್ತ್ವವು ಇದರಿಂದ ಸ್ಥಾಪಿತವಾಗುತ್ತದೆ.

ಕುಲದ ನಿಶ್ಚಯವೊಂದೇ ಸಾಲದೆಂಬುದಕ್ಕೂ ನಿದರ್ಶನವುಂಟು. ಕಾಂಗ್ರೆಸ್ ಕಸವೆಂದು ಜನರು ಕರೆಯುವ ಪಾರ್ಥೇನಿಯಮ್ ಸಹ ಹಕ್ಕರಕಿಯ ಮಹಾಕುಟುಂಬಕ್ಕೇ ಸೇರಿದುದು. ಎಳೆಯ ಗಿಡವು ಸೀಳಿದ ಎಲೆಗಳಿಂದ ನೆಲಕ್ಕೆ ಹರಡಿ ಮೇಯಲು ಯೋಗ್ಯವಾದ ಸೊಪ್ಪಿನಂತೆಯೇ ತೋರುತ್ತದೆ. ಅದರ ಸ್ಪರ್ಶದಿಂದ ಮನುಷ್ಯರಿಗೆ ಚರ್ಮರೋಗವೂ ಹೂಧೂಳಿಯಿಂದ ಉಬ್ಬಸವೂ ಉಂಟಾಗುತ್ತವೆ. ಮೇಯ್ದ ದನಗಳಿಗೂ ಅದು ವಿಷಕಾರಿ. ಎಲೆಯನ್ನು ಮುರಿದು ನೋಡಿದರೆ ಹಕ್ಕರಕಿಯಲ್ಲಿ ಹಾಲುಂಟು, ಪಾರ್ಥೇನಿಯಮ್ಮಿನಲ್ಲಿ ಇಲ್ಲ.

೪

ಗಿಡವು ಊರಿಗೆ ಬಂದ ಕಾಲವನ್ನು ತಿಳಿಯುವುದರಿಂದ ಪ್ರಯೋಜನವೇನು ಎಂದು ಕೇಳಬಹುದು. ಪ್ರಾಚೀನ ಕಾಲದಿಂದ ಇರುವ ಗಿಡಗಳೆಲ್ಲ ಸಾಧುವಾದುವೆಂದು ಭಾವಿಸಬೇಕಾಗಿಲ್ಲ. ಕಣಗಿಲೆ, ಎಕ್ಕೆ, ಮದ್ದುಗುಣಿಕೆ, ಔಡಲ ಇವೆಲ್ಲ ಬಹು ಹಿಂದಿನಿಂದಲೂ ಇಲ್ಲಿರುವ ವಿಷಸಸ್ಯಗಳು. ಆದರೆ ಅವುಗಳ ವಿಷದ ಜ್ಞಾನವೂ ಅವುಗಳೊಡನೆಯೇ ಬೆಳೆದುಬಂದಿದೆ. ಶಿವನಿಗೆ ಕಣಗಿಲೆಯ ಹೂವನ್ನೂ ಮದ್ದುಗುಣಿಕೆಯ ಹೂವನ್ನೂ ಏರಿಸುವವರು ಅವನ್ನು ಅಡುಗೆಮನೆಗೆ ತರುವುದಿಲ್ಲ. ಔಡಲದ ಎಣ್ಣೆಯನ್ನು ಉಪಯೋಗಿಸುವವರು ಬೀಜವನ್ನು ಮಗುವಿನ ಕೈಗೆ ಕೊಡುವುದಿಲ್ಲ. ಬೇರೆ ಮಾತಿನಲ್ಲಿ, ಹಳೆಯ ವಿಷಕ್ಕೆ ಆಚಾರದ ಬೇಲಿಯುಂಟು.

ಹೊಸದಾಗಿ ಬಂದ ಸಸ್ಯಗಳಿಗೆ ಈ ಬೇಲಿಯಿಲ್ಲ. ಚೆಂದದ ಹೂವಿಗಾಗಿ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಲಕತ್ತೆಯ ಸಸ್ಯೋದ್ಯಾನಕ್ಕೆ ಬಂದ ಲಂಟಾನವು ದೇಶವನ್ನೆಲ್ಲ ವ್ಯಾಪಿಸಿತು. ಅದರ ಎಲೆಯು ದನಗಳ ಪಿತ್ತಕೋಶವನ್ನು ಕೆಡಿಸಿ ಬಿಸಿಲಿಗೆ ಚರ್ಮವು ಸುಲಿಯುವಂತೆ ಮಾಡುತ್ತದೆ. ಪಾರ್ಥೇನಿಯಮ್ಮು ಪುಣೆಯ ಸುತ್ತ ಸಸ್ಯಶಾಸ್ತ್ರಜ್ಞರ ಗಮನಕ್ಕೆ ಬಂದುದು ೧೯೫೦ರ ದಶಕದ ಮಧ್ಯದಲ್ಲಿ. ಕುಂಡದಲ್ಲಿಟ್ಟು ಬೆಳೆಸುವ ಡೈಫೆನ್‌ಬಾಕಿಯವು ಇನ್ನೂ ಈಚಿನ ಅತಿಥಿ. ಅದರ ಎಲೆಯಲ್ಲಿರುವ ಸೂಜಿಯಂಥ ಹರಳುಗಳು ನಾಲಗೆ ಗಂಟಲುಗಳನ್ನು ಊದಿಸುತ್ತವೆ. ಇವುಗಳ ಬಗೆಗೆ ಗಾದೆಯೂ ಇಲ್ಲ, ನಿಷೇಧವೂ ಇಲ್ಲ. ಅಜ್ಜಿಯು ಮೊಮ್ಮಗಳಿಗೆ ಹೇಳಿದ ಮಾತೂ ಇಲ್ಲ. ನೋಡಲು ಹಸಿರಾಗಿ ಸೊಂಪಾಗಿರುವ ಗಿಡವನ್ನು ಸಾಧುವೆಂದೇ ಜನರು ಗ್ರಹಿಸುತ್ತಾರೆ. ಅಮೆರಿಕದಿಂದ ಬಂದ ಹಳದಿ ಹೂವಿನ ಗಿಡವೊಂದಕ್ಕೆ ಮಾತ್ರ ಜನರು ಕಣಗಿಲೆಯ ಹೆಸರನ್ನೇ ಕೊಟ್ಟು ಹಳದಿ ಕಣಗಿಲೆಯೆಂದು ಕರೆದರು. ಅದೂ ಕಣಗಿಲೆಯಂತೆಯೇ ಹೃದಯಘಾತಕ ವಿಷವುಳ್ಳದ್ದು. ಇಲ್ಲಿ ಹಳೆಯ ಹೆಸರು ಹಳೆಯ ಎಚ್ಚರಿಕೆಯನ್ನೂ ಹೊತ್ತು ತಂದಿತು. ಡಬಗಳ್ಳಿಯಲ್ಲಿ ಅದೇ ಬಗೆಯ ನಾಮಕರಣವು ನಿರಪರಾಧಿಯಾದ ಗಿಡಕ್ಕೆ ವಿಷದ ಕಳಂಕವನ್ನು ಹಚ್ಚಿತು.

ಆದ್ದರಿಂದ ಹಿತ್ತಿಲ ಗಿಡವನ್ನು ಆಮೆಯ ಮುಂದಿಡುವ ಮೊದಲು ಅದು ಎಂದು ಬಂದಿತು, ಯಾವುದರ ಹೆಸರನ್ನು ಪಡೆಯಿತು ಎಂದು ವಿಚಾರಿಸುವುದು ಕೇವಲ ಕುತೂಹಲದ ಸಂಗತಿಯಲ್ಲ. ಹೊಸ ಗಿಡಗಳ ವಿಷಯದಲ್ಲಿ ಪರಂಪರೆಯು ಮೌನವಾಗಿರುವುದರಿಂದ ಅಲ್ಲಿ ಸಸ್ಯಶಾಸ್ತ್ರದ ಗ್ರಂಥಗಳನ್ನೇ ಆಶ್ರಯಿಸಬೇಕು. ಹಿಂದಿನ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ ಜಿಲ್ಲೆಯ ಸಸ್ಯಗಳಿಗೆ ೧೮೬೧ರ ಡಾಲ್ಜೆಲ್ ಮತ್ತು ಗಿಬ್ಸನ್ನರ ಗ್ರಂಥವೂ ೧೯೦೧ರಿಂದ ೧೯೦೮ರವರೆಗೆ ಹೊರಬಂದ ಥಿಯೊಡೋರ್ ಕುಕ್ಕನ ಸಂಪುಟಗಳೂ ಆಧಾರಗಳಾಗಿವೆ. ಗದಗವು ೧೯೯೭ರಲ್ಲಿ ಪ್ರತ್ಯೇಕ ಜಿಲ್ಲೆಯಾಗುವವರೆಗೆ ರೋಣವು ಧಾರವಾಡ ಜಿಲ್ಲೆಗೇ ಸೇರಿದ್ದಿತು. ಆದುದರಿಂದ ಈ ಗ್ರಂಥಗಳು ಸವಡಿಯ ಅಭ್ಯಾಸಿಗೂ ಉಪಯುಕ್ತವಾದುವು.

೫

ಪರಂಪರೆಯು ಮಾತನಾಡುವಲ್ಲಿಯೂ ಅದರ ಮಾತನ್ನು ಮಿತಿಯರಿತು ಗ್ರಹಿಸಬೇಕು. ಮನುಷ್ಯನು ತಿನ್ನುವುದನ್ನೆಲ್ಲ ಆಮೆಗೆ ಕೊಡಬಹುದೆಂಬ ತರ್ಕವು ಮೂರು ಕಾರಣಗಳಿಂದ ಸದೋಷವಾದುದು.

ಮೊದಲನೆಯದು ಪಾಕದ ಭೇದ. ಕೆಸುವಿನ ಎಲೆಯನ್ನು ನಾವು ಹುಣಿಸೆಹುಳಿಯೊಡನೆ ಚೆನ್ನಾಗಿ ಬೇಯಿಸಿಯೇ ತಿನ್ನುತ್ತೇವೆ. ಹಸಿಯಾಗಿ ಅದು ಬಾಯಿಯನ್ನು ಕೆರೆಯುತ್ತದೆ. ಆಮೆಗೆ ಒಲೆಯಿಲ್ಲ. ಹಸಿಯಾಗಿ ತಿನ್ನುವ ಪದ್ಧತಿಯುಳ್ಳ ಹಕ್ಕರಕಿಯಂಥ ಸೊಪ್ಪಿನ ಸಾಕ್ಷ್ಯವು ಬೇಯಿಸಿ ತಿನ್ನುವ ಸೊಪ್ಪಿನ ಸಾಕ್ಷ್ಯಕ್ಕಿಂತ ಬಲವಾದುದೆಂದು ಇದರಿಂದ ಸಿದ್ಧವಾಗುತ್ತದೆ. ಎರಡನೆಯದು ಅಂಗದ ಭೇದ. ಟೊಮೇಟೊ, ಬಟಾಟೆಗಳಲ್ಲಿ ತಿನ್ನುವ ಭಾಗವು ಹಣ್ಣು ಅಥವಾ ಗೆಡ್ಡೆ, ಎಲೆಕಾಂಡಗಳಲ್ಲಿ ವಿಷಾಂಶವಿದೆ. ಹಣ್ಣಿಗೆ ಸಲ್ಲುವ ಪ್ರಮಾಣವು ಎಲೆಗೆ ಸಲ್ಲದು. ಮೂರನೆಯದು ಪರಿಮಾಣದ ಭೇದ. ಪಾಲಕ, ರಾಜಗಿರಿ, ಗೋಳಿಸೊಪ್ಪುಗಳಲ್ಲಿರುವ ಆಕ್ಸಾಲಿಕ್ ಆಮ್ಲವು ಸುಣ್ಣದ ಅಂಶವನ್ನು ಕಟ್ಟಿಹಾಕುತ್ತದೆ. ರೊಟ್ಟಿ, ಬೇಳೆ, ಮೊಸರುಗಳ ನಡುವೆ ಒಂದು ಹಿಡಿ ಪಲ್ಯವನ್ನು ತಿನ್ನುವ ಮನುಷ್ಯನಿಗೆ ಇದರಿಂದ ಸಾಮಾನ್ಯವಾಗಿ ಬಾಧಕವಿಲ್ಲ. ಸೊಪ್ಪೇ ಸರ್ವಸ್ವವಾಗಿ, ಮೈಮೇಲೆ ಎಲುಬಿನ ಕವಚವನ್ನು ಹೊತ್ತ ಪ್ರಾಣಿಗೆ ಸುಣ್ಣದ ಕೊರತೆಯು ಚಿಪ್ಪನ್ನೇ ಮೆತ್ತಗಾಗಿಸುತ್ತದೆ. ಅಂಥ ಸೊಪ್ಪನ್ನು ಅಪರೂಪಕ್ಕೆ ಮಾತ್ರ ಕೊಡಬೇಕು. ದಾಸವಾಳದ ಸಮೀಪಬಂಧುವಾದರೂ ಹುಳಿಯಾದ ಪುಂಡಿಪಲ್ಯಕ್ಕೂ ಇದೇ ಮಿತಿಯು ಅನ್ವಯಿಸುತ್ತದೆ.

ಚಿಪ್ಪಿನ ವಿಷಯದಲ್ಲಿ ಇನ್ನೊಂದು ಮಾತು. ಸೆರೆಯಲ್ಲಿ ಬೆಳೆದ ಆಮೆಗಳ ಚಿಪ್ಪು ಗೋಪುರ ಗೋಪುರವಾಗಿ ಎದ್ದಿರುವುದನ್ನು ಕಂಡು ಹಿಂದೆ ಮೇವನ್ನೇ ದೂರುತ್ತಿದ್ದರು. ಆಫ್ರಿಕದ ಸಲ್ಕಾಟ ಆಮೆಯ ಮರಿಗಳನ್ನು ಕುರಿತು ೨೦೦೩ರಲ್ಲಿ ಪ್ರಕಟವಾದ ಅಧ್ಯಯನವು ಗಾಳಿಯಲ್ಲಿನ ತೇವದ ಕೊರತೆಯೇ ಪ್ರಬಲ ಕಾರಣವೆಂದು ತೋರಿಸಿತು. ಮೇವನ್ನು ಶುದ್ಧಪಡಿಸುವುದರಿಂದಲೇ ಸಕಲವೂ ಸರಿಹೋಗುವುದೆಂದು ನಂಬಬಾರದೆಂಬುದಕ್ಕೆ ಇದು ಸಾಕಾದ ಉದಾಹರಣೆ.

೬

ಮೇಲಿನ ವಿವೇಚನೆಯಿಂದ ಸವಡಿಯ ಹಿತ್ತಿಲಿಗೆ ಒಪ್ಪುವ ಸಸ್ಯಗಳ ಕಿರುಪಟ್ಟಿಯನ್ನು ನಿರ್ಣಯಿಸಬಹುದು. ನಿತ್ಯದ ಮೇವಿಗೆ ಕರಕಿ ಹುಲ್ಲು ಮುಖ್ಯ; ಬದುವಿನಲ್ಲಿ ತಾನಾಗಿ ಹಬ್ಬುವ ಇದನ್ನು ರೈತನು ಕಿತ್ತೆಸೆಯುವುದೇ ಹೆಚ್ಚು. ಅದರೊಡನೆ ಹಕ್ಕರಕಿ, ಡಬಗಳ್ಳಿ, ದಾಸವಾಳದ ಎಲೆ ಮತ್ತು ಹೂ, ಹಿಪ್ಪುನೇರಳೆಯ ಎಲೆ ಇವು ಸೇರಬೇಕು. ಸುಣ್ಣದ ಅಂಶವು ಅಧಿಕವಾಗಿರುವ ನುಗ್ಗೆಸೊಪ್ಪನ್ನು ಆಗಾಗ ಕೊಡಬಹುದು. ಒಂದೇ ಸೊಪ್ಪನ್ನು ನಿರಂತರವಾಗಿ ಕೊಡದೆ ಬದಲಿಸುತ್ತಿರುವುದು ಲೇಸು.

ಬೆಳೆಸುವ ಕ್ರಮವು ಕಷ್ಟಸಾಧ್ಯವಾದುದಲ್ಲ. ಎರೆಮಣ್ಣು ಮಳೆಗಾಲದಲ್ಲಿ ನೀರನ್ನು ಹಿಡಿದು ಕೆಸರಾಗುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಈ ಕಾರಣದಿಂದ ಡಬಗಳ್ಳಿಗೂ ನುಗ್ಗೆಗೂ ಏರುಮಡಿಯು ಬೇಕು. ಮರಳನ್ನೋ ಗರಸು ಮಣ್ಣನ್ನೋ ಬೆರೆಸಿದರೆ ಇನ್ನೂ ಉತ್ತಮ. ಡಬಗಳ್ಳಿಯ ಹಲಗೆಯನ್ನು ಕತ್ತರಿಸಿ, ಗಾಯವು ಒಣಗುವವರೆಗೆ ಕೆಲವು ದಿನ ನೆರಳಿನಲ್ಲಿಟ್ಟು ಆಮೇಲೆ ನೆಡಬೇಕು. ಹಸಿಗಾಯವನ್ನು ನೆಟ್ಟರೆ ಕೊಳೆಯುತ್ತದೆ. ಕೊಡುವಾಗ ಮುಳ್ಳನ್ನೂ ಕೂದಲಿನಂಥ ಸಣ್ಣ ಮುಳ್ಳನ್ನೂ ಹೆರೆದು ತೆಗೆಯಬೇಕು. ದಾಸವಾಳ, ಹಿಪ್ಪುನೇರಳೆ, ನುಗ್ಗೆಗಳು ಮುಂಗಾರಿನ ಆರಂಭದಲ್ಲಿ ನೆಟ್ಟ ಕಡ್ಡಿಯಿಂದ ಚಿಗುರುತ್ತವೆ. ಹಕ್ಕರಕಿಯ ಬೀಜವನ್ನು ಗಾಳಿಗೆ ಹಾರುವ ಮುನ್ನ ಕೂಡಿಸಿ ತೇವವಿರುವ ಮಡಿಯಲ್ಲಿ ತೆಳ್ಳಗೆ ಉದುರಿಸಿದರೆ ಸಾಕು.

ಈ ಎಲ್ಲಕ್ಕಿಂತ ಮಿಗಿಲಾದ ನಿಯಮವೊಂದುಂಟು. ಗಿಡವು ಸ್ವಭಾವತಃ ನಿರ್ವಿಷವಾಗಿದ್ದರೂ ಅದರ ಮೇಲೆ ಸಿಂಪಡಿಸಿದ ಔಷಧಿಯು ನಿರ್ವಿಷವಲ್ಲ. ಹತ್ತಿ, ಕಡಲೆಗಳ ಹೊಲದಲ್ಲಿ ಕೀಟನಾಶಕವನ್ನು ಸಿಂಪಡಿಸಿದಾಗ ಅದು ಬದುವಿನ ಕರಕಿಯ ಮೇಲೂ ಬೀಳುತ್ತದೆ. ಸಸ್ಯಾಗಾರದಿಂದ ಕೊಂಡುತಂದ ದಾಸವಾಳದ ಹಳೆಯ ಎಲೆಗಳನ್ನು ಬಿಟ್ಟು, ಮನೆಯಲ್ಲಿ ಹೊಸದಾಗಿ ಚಿಗುರಿದ ಎಲೆಗಳನ್ನೇ ಉಪಯೋಗಿಸಬೇಕು. ಖಗೇಂದ್ರಮಣಿದರ್ಪಣದ ಕರ್ತೃವಿಗೆ ಸ್ಥಾವರ, ಜಂಗಮ, ಕೃತ್ರಿಮವೆಂಬ ವಿಭಾಗಗಳೇ ಸಾಕಾಗಿದ್ದುವು. ನಮ್ಮ ಕಾಲದಲ್ಲಿ ಸ್ಥಾವರ ಮತ್ತು ಕೃತ್ರಿಮಗಳು ಒಂದೇ ಎಲೆಯ ಮೇಲೆ ಕೂಡಿಕೊಂಡಿವೆ.

೭

ಒಟ್ಟಿನಲ್ಲಿ ಹೇಳುವುದಾದರೆ, ಸುರಕ್ಷಿತ ಸಸ್ಯದ ನಿರ್ಣಯಕ್ಕೆ ಎಲೆಯ ಬಣ್ಣ, ಹಾಲು, ರುಚಿ ಮೊದಲಾದ ಯಾವ ಬಿಡಿ ಲಕ್ಷಣವೂ ಸಾಲದು. ಸಸ್ಯದ ಕುಲ, ಹೆಸರಿನ ಹಿನ್ನೆಲೆ, ಅದು ಬಂದ ಕಾಲ, ಜನರು ಅದನ್ನು ಬಳಸುವ ರೀತಿ, ಈ ನಾಲ್ಕನ್ನೂ ಕೂಡಿಸಿ ನೋಡಬೇಕು. ಇವುಗಳಲ್ಲಿ ಕೊನೆಯದು ಗ್ರಂಥಗಳಲ್ಲಿ ಅತ್ಯಲ್ಪವಾಗಿಯೂ ಜನರ ಬಾಯಲ್ಲಿ ವಿಪುಲವಾಗಿಯೂ ಇದೆ. ೧೮೭೬ರಿಂದ ೧೮೭೮ರವರೆಗಿನ ಭೀಕರ ಬರಗಾಲವನ್ನು ಕಂಡ ಈ ಪ್ರದೇಶದಲ್ಲಿ ಹೊಲದ ಸೊಪ್ಪಿನ ಜ್ಞಾನವು ಜೀವರಕ್ಷಣೆಯ ಸಾಧನವಾಗಿತ್ತು. ಕಳೆನಾಶಕಗಳ ಬಳಕೆಯು ಹೆಚ್ಚಿದಂತೆ ಹಕ್ಕರಕಿಯು ಹೊಲದಿಂದ ಮರೆಯಾಗುತ್ತದೆ. ಗಿಡವು ಮರೆಯಾದ ಮೇಲೆ ಅದನ್ನು ಗುರುತಿಸುವ ಕಣ್ಣೂ ಮರೆಯಾಗುತ್ತದೆ.

ನಮ್ಮ ಕಾಲೇಜುಗಳ ಇತಿಹಾಸ ಮತ್ತು ಸಸ್ಯಶಾಸ್ತ್ರ ವಿಭಾಗಗಳ ವಿದ್ಯಾರ್ಥಿಗಳು ಒಂದೊಂದು ಗ್ರಾಮವನ್ನು ಆರಿಸಿಕೊಂಡು, ಅಲ್ಲಿ ಕಳೆ ತೆಗೆಯುವ ಹೆಣ್ಣುಮಕ್ಕಳು, ಕುರಿಗಾಹಿಗಳು ಹೇಳುವ ಸೊಪ್ಪುಗಳ ಹೆಸರನ್ನೂ ಹಸಿಯಾಗಿ ತಿನ್ನುವುದೋ ಬೇಯಿಸಿ ತಿನ್ನುವುದೋ ಎಂಬ ವಿವರವನ್ನೂ, ಕುರಿ ದನಗಳು ಬಾಯಿ ಹಾಕದೆ ಬಿಡುವ ಗಿಡಗಳನ್ನೂ ಬರೆದಿಟ್ಟು, ಒಣಗಿಸಿದ ಮಾದರಿಯೊಡನೆ ಸಂಗ್ರಹಿಸುವುದು ಅವಶ್ಯವಾದ ಕಾರ್ಯ. ಆಮೆಯ ಮೇವೆಂಬ ಕಿರಿದಾದ ಪ್ರಶ್ನೆಯಿಂದ ಹೊರಟ ಈ ವಿಚಾರವು ಅಂಥ ಸಂಗ್ರಹಕ್ಕೆ ಪ್ರೇರಕವಾದರೆ ಲೇಖನದ ಶ್ರಮವು ಸಾರ್ಥಕವಾಗುತ್ತದೆ.